ಲಿನಕ್ಸ್ ವಿತರಣೆಗಳು: ನಮಗೆ ತಕ್ಕುದನ್ನು ಆರಿಸುವ ಬಗೆ

ವಿದ್ಯಾಸಂಸ್ಥೆಗಳಲ್ಲಿ ಕಂಪ್ಯೂಟರು ಇಂದು ಅಲಂಕಾರದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಪಾಠ, ಕಛೇರಿಯ ಪತ್ರವ್ಯವಹಾರ, ಪರೀಕ್ಷಾ ಮಂಡಳಿಗೆ ಸಲ್ಲಿಸಬೇಕಾದ ವಿವರಗಳು, ಗ್ರಂಥಾಲಯದ ಪಟ್ಟಿ, ಇವೆಲ್ಲವೂ ಅದರ ಮೂಲಕವೇ ನಡೆಯುತ್ತಿವೆ. ಬಹುಪಾಲು ಶಾಲೆಗಳಲ್ಲಿ ಈ ಯಂತ್ರಗಳು ಏಕಕಾಲಕ್ಕೆ ಕೊಂಡವುಗಳಲ್ಲ. ಕೆಲವನ್ನು ಆಡಳಿತ ಮಂಡಳಿಯು ಕೊಂಡಿರುತ್ತದೆ. ಕೆಲವನ್ನು ದಾನಿಗಳು ಕೊಡಿಸಿರುತ್ತಾರೆ. ಇನ್ನು ಕೆಲವು, ಹಳೆಯ ವಿದ್ಯಾರ್ಥಿಗಳು ತಮ್ಮ ಕಛೇರಿಗಳಲ್ಲಿ ಬಳಸಿ ಬಿಟ್ಟವನ್ನು ಅಭಿಮಾನದಿಂದ ತಂದೊಪ್ಪಿಸಿದವು. ಇಂತಹ ಯಂತ್ರಗಳ ಮುಂದೆ ಈಗ ಒಂದು ಕಠಿಣ ಪ್ರಶ್ನೆ ನಿಂತಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಭದ್ರತಾ ತಿದ್ದುಪಡಿಗಳನ್ನು ಇನ್ನಷ್ಟು ಕಾಲ ಪಡೆಯಲು ಪ್ರತ್ಯೇಕ ವ್ಯವಸ್ಥೆಯಿದ್ದರೂ ಅದು ತಾತ್ಕಾಲಿಕವಾದುದು. ವಿಂಡೋಸ್ 11ಕ್ಕೆ ಏರೋಣವೆಂದರೆ ಅದು ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನವನ್ನೂ, ಇಂಟೆಲ್ ಪ್ರೊಸೆಸರುಗಳಲ್ಲಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನವುಗಳನ್ನೋ ಅದರಿಂದೀಚಿನವುಗಳನ್ನೋ ಅಪೇಕ್ಷಿಸುತ್ತದೆ. ಆದಕಾರಣ ಕೈಕಾಲು ಗಟ್ಟಿಯಾಗಿರುವ ಅನೇಕ ಯಂತ್ರಗಳು ಕೇವಲ ವಯಸ್ಸಿನ ಕಾರಣದಿಂದ ಮೂಲೆ ಸೇರುವ ಸ್ಥಿತಿ ಒದಗಿದೆ.

ಈ ಸಂದರ್ಭದಲ್ಲಿ ತಿಳಿದವರನ್ನು ಕೇಳಿದರೆ "ಲಿನಕ್ಸ್ ಹಾಕಿರಿ" ಎಂಬ ಉತ್ತರ ಸುಲಭವಾಗಿ ದೊರೆಯುತ್ತದೆ. ಆದರೆ ಲಿನಕ್ಸ್ ಎಂಬ ಹೆಸರಿನಲ್ಲಿ ನೂರಾರು ಬಗೆಗಳಿವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು, ಯಾವ ಆಧಾರದ ಮೇಲೆ ಆರಿಸಬೇಕು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿತರಣೆ ಎಂದರೇನು?

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಎಲ್ಲರೂ ಸ್ವತಂತ್ರವಾಗಿ ಬಳಸಬಹುದಾದ, ಅಭ್ಯಸಿಸಬಹುದಾದ, ತಿದ್ದಬಹುದಾದ ಮತ್ತು ಹಂಚಬಹುದಾದ ತಂತ್ರಾಂಶವನ್ನು ನಿರ್ಮಿಸುವ ಸಂಕಲ್ಪದಿಂದ ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ಆ ಯೋಜನೆಯಿಂದ ಅನೇಕ ಉಪಯುಕ್ತ ಸಾಧನಗಳು ಹುಟ್ಟಿದವು. ಆದರೆ ಯಂತ್ರದ ಅಂಗಾಂಗಗಳನ್ನು ನೇರವಾಗಿ ಆಳುವ ತಿರುಳಿನ ಭಾಗ, ಅಂದರೆ ಕರ್ನಲ್, ಮಾತ್ರ ಸಿದ್ಧವಾಗಿರಲಿಲ್ಲ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಬರೆದ ಕರ್ನಲ್ ಆ ಕೊರತೆಯನ್ನು ತುಂಬಿತು. ಮರುವರ್ಷ ಅದು ಗ್ನೂ ಯೋಜನೆಯ ಪರವಾನಗಿಯಡಿ ಲೋಕಕ್ಕೆ ದೊರೆಯಿತು. ಕಟ್ಟುನಿಟ್ಟಾಗಿ ಹೇಳುವುದಾದರೆ ಲಿನಕ್ಸ್ ಎಂಬುದು ಈ ಕರ್ನಲ್‌ನ ಹೆಸರು ಮಾತ್ರ.

ಬರಿಯ ಕರ್ನಲ್‌ನಿಂದ ಯಾರ ಕೆಲಸವೂ ಆಗದು. ಪರದೆಯ ಮೇಲೆ ಕಾಣುವ ಕಿಟಕಿಗಳು, ಅಕ್ಷರಗಳು, ಪತ್ರ ಬರೆಯುವ ತಂತ್ರಾಂಶ, ಅಂತರ್ಜಾಲವನ್ನು ತೋರಿಸುವ ಬ್ರೌಸರ್, ಪ್ರಿಂಟರನ್ನು ನಡೆಸುವ ಚಾಲಕ ತಂತ್ರಾಂಶ, ಹೊಸ ತಿದ್ದುಪಡಿಗಳನ್ನು ತಂದು ಕೂಡಿಸುವ ಏರ್ಪಾಡು, ಇವೆಲ್ಲವೂ ಒಂದುಗೂಡಬೇಕು. ಹೀಗೆ ಕೂಡಿಸಿ, ಪರೀಕ್ಷಿಸಿ, ಒಂದು ಹೆಸರಿಟ್ಟು ಹಂಚುವ ಸಮಗ್ರ ಕಟ್ಟಿಗೆ ಡಿಸ್ಟ್ರಿಬ್ಯೂಷನ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ವಿತರಣೆ ಎನ್ನಬಹುದು. ಒಂದೇ ಜೋಳದಿಂದ ಒಂದು ಮನೆಯಲ್ಲಿ ರೊಟ್ಟಿ, ಇನ್ನೊಂದು ಮನೆಯಲ್ಲಿ ನುಚ್ಚು, ಮತ್ತೊಂದು ಮನೆಯಲ್ಲಿ ಅಂಬಲಿ ಆಗುವಂತೆ, ಒಂದೇ ಕರ್ನಲ್‌ನ ಮೇಲೆ ಬೇರೆ ಬೇರೆ ಬಳಗದವರು ಬೇರೆ ಬೇರೆ ವಿತರಣೆಗಳನ್ನು ಸಿದ್ಧಪಡಿಸಿದ್ದಾರೆ. ಜೋಳ ಒಂದೇ ಆದರೂ ಹಸಿದವನ ವಯಸ್ಸು, ಜೀರ್ಣಶಕ್ತಿ, ಹೊತ್ತು ಇವುಗಳನ್ನು ನೋಡಿ ಬಡಿಸಬೇಕಾದುದು ಹೇಗೆ ಯುಕ್ತವೋ ವಿತರಣೆಯ ಆಯ್ಕೆಯೂ ಹಾಗೆಯೇ.

ಪ್ರಮುಖ ಮನೆತನಗಳು

ವಿತರಣೆಗಳ ಸಂಖ್ಯೆಯನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಅವುಗಳಲ್ಲಿ ಹೆಚ್ಚಿನವು ಕೆಲವೇ ಮನೆತನಗಳಿಗೆ ಸೇರಿದವು. ಮೊದಲನೆಯದು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ವಿತರಣೆಯನ್ನು ಯಾವ ಕಂಪನಿಯೂ ಒಡೆತನದಲ್ಲಿಟ್ಟುಕೊಂಡಿಲ್ಲ. ಲೋಕದ ನಾನಾ ದೇಶಗಳ ಸ್ವಯಂಸೇವಕರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ಸುಮಾರು ಎರಡು ವರ್ಷಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಪ್ರತಿ ಆವೃತ್ತಿಗೂ ಮೂರು ವರ್ಷಗಳ ಪೂರ್ಣ ಬೆಂಬಲ ಮತ್ತು ಅನಂತರ ಎರಡು ವರ್ಷಗಳ ದೀರ್ಘಾವಧಿ ಬೆಂಬಲ, ಹೀಗೆ ಒಟ್ಟು ಸುಮಾರು ಐದು ವರ್ಷಗಳ ಆಯುಸ್ಸು ದೊರೆಯುತ್ತದೆ. ಡೆಬಿಯನ್ 13 ಹೊರಬಂದುದು 2025ರ ಆಗಸ್ಟ್‌ನಲ್ಲಿ.

ಡೆಬಿಯನ್ನಿನ ತಳಹದಿಯ ಮೇಲೆ 2004ರಲ್ಲಿ ಉಬುಂಟು ಹುಟ್ಟಿತು. ಇದರ ಹಿಂದೆ ಮಾರ್ಕ್ ಶಟಲ್‌ವರ್ತ್ ಸ್ಥಾಪಿಸಿದ ಕ್ಯಾನೊನಿಕಲ್ ಎಂಬ ಕಂಪನಿಯಿದೆ. ಸಮಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಬರುವ ಇದರ ದೀರ್ಘಾವಧಿ ಆವೃತ್ತಿಗೆ ಐದು ವರ್ಷಗಳ ಸಾಮಾನ್ಯ ಬೆಂಬಲವಿರುತ್ತದೆ. ನಡುನಡುವೆ ಬರುವ ಮಧ್ಯಂತರ ಆವೃತ್ತಿಗಳಿಗೆ ಒಂಬತ್ತೇ ತಿಂಗಳು. ಹೆಸರು ಒಂದೇ ಆದರೂ ಇವೆರಡರ ಅಂತರವನ್ನು ಗಮನಿಸದಿದ್ದರೆ ವರ್ಷ ತುಂಬುವುದರೊಳಗೆ ಮತ್ತೆ ಎಲ್ಲ ಯಂತ್ರಗಳನ್ನೂ ತಿದ್ದುವ ಕೆಲಸ ಬೀಳುತ್ತದೆ. ಉಬುಂಟುವಿನ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 2006ರಲ್ಲಿ ಆರಂಭವಾಯಿತು. ವಿಂಡೋಸಿಗೆ ಒಗ್ಗಿದ ಕಣ್ಣಿಗೂ ಕೈಗೂ ಇದು ಬೇಗ ಹೊಂದಿಕೊಳ್ಳುತ್ತದೆ: ಕೆಳಗಡೆ ಪಟ್ಟಿ, ಎಡಮೂಲೆಯಲ್ಲಿ ಪರಿವಿಡಿ, ಪರಿಚಿತವಾದ ಕಿಟಕಿಗಳು. 2024ರ ಜುಲೈನಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳನ್ನು ಗಮನದಲ್ಲಿಟ್ಟು ರೂಪಿಸಿದ ಬಾಸ್ ಎಂಬ ವಿತರಣೆಯೂ ಡೆಬಿಯನ್ ಮನೆತನದ್ದೇ.

ಎರಡನೆಯದು ರೆಡ್ ಹ್ಯಾಟ್ ಮನೆತನ. ದೊಡ್ಡ ಸಂಸ್ಥೆಗಳ ಸರ್ವರುಗಳಿಗಾಗಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಇದೆ. ಅದರ ಬೆಂಬಲಕ್ಕೆ ಹಣ ತೆರಬೇಕು, ಆಯುಸ್ಸು ಸುಮಾರು ಹತ್ತು ವರ್ಷ. ಇದೇ ಬಳಗದ ಫೆಡೋರಾ ಉಚಿತ. ಸುಮಾರು ಆರು ತಿಂಗಳಿಗೊಮ್ಮೆ ಹೊಸತಾಗುತ್ತದೆ, ಪ್ರತಿ ಆವೃತ್ತಿಯ ಆಯುಸ್ಸು ಹದಿಮೂರು ತಿಂಗಳಷ್ಟು. ಹೊಸ ತಂತ್ರಜ್ಞಾನವನ್ನು ಮೊದಲೇ ಕಾಣಬಯಸುವವರಿಗೆ ಅದು ಪ್ರಿಯ. ಇವುಗಳಿಂದ ಬೇರೆಯಾದುದು 2002ರಲ್ಲಿ ಆರಂಭವಾದ ಆರ್ಚ್. ಅದಕ್ಕೆ ಆವೃತ್ತಿಗಳೇ ಇಲ್ಲ. ಹರಿಯುವ ಹೊಳೆಯಂತೆ ತಿದ್ದುಪಡಿಗಳು ನಿತ್ಯ ಬರುತ್ತಲೇ ಇರುತ್ತವೆ. ಕಲಿಯುವ ಹುಮ್ಮಸ್ಸಿರುವ ತರುಣನಿಗೆ ಅದು ಒಳ್ಳೆಯ ಗುರು. ನಲವತ್ತು ಮಕ್ಕಳು ಕಾದು ಕುಳಿತ ಪ್ರಯೋಗಶಾಲೆಗೆ ತಕ್ಕುದಲ್ಲ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

"ಯಾವ ವಿತರಣೆ ಶ್ರೇಷ್ಠ?" ಎಂಬ ಪ್ರಶ್ನೆಗೆ ಉತ್ತರವಿಲ್ಲ. "ನಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ?" ಎಂದು ಕೇಳಿದರೆ ಉತ್ತರವಿದೆ. ಅದನ್ನು ಪಡೆಯಲು ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬೇಕು.

ಮೊದಲನೆಯದು, ಯಾವ ಕೆಲಸಕ್ಕಾಗಿ? ಮಕ್ಕಳಿಗೆ ಟೈಪಿಂಗ್, ಚಿತ್ರರಚನೆ, ಸ್ಕ್ರ್ಯಾಚ್ ಮತ್ತು ಪೈಥಾನ್ ಕಲಿಸಲು, ಜಿಯೋಜಿಬ್ರಾದಿಂದ ರೇಖಾಗಣಿತವನ್ನೂ ಸ್ಟೆಲೇರಿಯಮ್‌ನಿಂದ ಆಕಾಶವನ್ನೂ ತೋರಿಸಲು ಮೇಲೆ ಹೇಳಿದ ಯಾವ ಪ್ರಮುಖ ವಿತರಣೆಯಾದರೂ ಸಾಕು. ಪತ್ರ, ಪಟ್ಟಿ, ಅಂಕಪತ್ರಗಳಿಗೆ ಲಿಬ್ರೆ ಆಫೀಸ್ ಇದೆ. ಬ್ರೌಸರಿನ ಮೂಲಕ ನಡೆಯುವ ಕೆಲಸಗಳಲ್ಲಿ ಬಹುಪಾಲು ತೊಂದರೆಯಿಲ್ಲ. ಆದರೆ ಟ್ಯಾಲಿಯಂತಹ ಲೆಕ್ಕಪತ್ರದ ತಂತ್ರಾಂಶಗಳು ವಿಂಡೋಸಿಗಾಗಿ ರಚಿತವಾದವು. ಡಿಜಿಟಲ್ ಸಹಿಯ ಸಾಧನಗಳನ್ನು ಕೊಂಡವರು ಅದು ಲಿನಕ್ಸಿನಲ್ಲಿ ನಡೆಯುವುದೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಆದುದರಿಂದ ಕಛೇರಿಯ ಲೆಕ್ಕದ ಮೇಜಿನ ಮೇಲಿರುವ ಒಂದು ಯಂತ್ರವನ್ನು ವಿಂಡೋಸಿನಲ್ಲೇ ಉಳಿಸಿಕೊಂಡು ಉಳಿದವುಗಳನ್ನು ಬದಲಿಸುವುದು ಅನೇಕ ಕಡೆ ಜಾಣತನದ ದಾರಿ. ಎಲ್ಲವನ್ನೂ ಒಂದೇ ದಿನ ಬದಲಿಸಬೇಕೆಂಬ ಹಟ ಬೇಡ.

ಎರಡನೆಯದು, ಯಾವ ಯಂತ್ರದ ಮೇಲೆ? ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಉಬುಂಟು 24.04ರ ಸಾಮಾನ್ಯ ರೂಪವು 4 ಜಿ.ಬಿ. ರ್‍ಯಾಮ್ ಮತ್ತು 25 ಜಿ.ಬಿ. ಡಿಸ್ಕ್ ಸ್ಥಳವನ್ನು ಬಯಸುತ್ತದೆ. ಮಿಂಟ್ 2 ಜಿ.ಬಿ.ಯಲ್ಲಿ ನಡೆಯುವುದಾದರೂ ನೆಮ್ಮದಿಗೆ 4 ಜಿ.ಬಿ. ಬೇಕು. ಒಂದೇ ವಿತರಣೆಯೊಳಗೂ ಮೇಲ್ಮೈಯನ್ನು ಆರಿಸಿಕೊಳ್ಳುವ ಅವಕಾಶವಿದೆ: ಗ್ನೋಮ್, ಕೆ.ಡಿ.ಇ. ಮತ್ತು ಸಿನಮನ್ ಮೇಲ್ಮೈಗಳು ಕಣ್ಣಿಗೆ ಅಂದ. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಮೇಲ್ಮೈಗಳು ಯಂತ್ರಕ್ಕೆ ಹಗುರ. 2 ಜಿ.ಬಿ.ಯ ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಮೇಲ್ಮೈಯುಳ್ಳ ಡೆಬಿಯನ್ ಅಥವಾ ಮಿಂಟ್ ಸರಿಯಾದೀತು. ಇದರೊಡನೆ ಇನ್ನೊಂದು ಮಾತನ್ನು ಮರೆಯಬಾರದು. ಇಂದಿನ ಬ್ರೌಸರಿನಲ್ಲಿ ನಾಲ್ಕಾರು ಪುಟಗಳನ್ನು ತೆರೆದರೆ ಅದು ತಾನೊಂದೇ ಇಡೀ ವಿತರಣೆಗಿಂತ ಹೆಚ್ಚು ಮೆಮೊರಿಯನ್ನು ನುಂಗಬಲ್ಲದು. ಆದುದರಿಂದ ಹಗುರವಾದ ವಿತರಣೆಯಿಂದ ಹಳೆಯ ಯಂತ್ರ ಹೊಸದಾಗಿಬಿಡುತ್ತದೆಂಬ ಆಸೆ ಪೂರ್ತಿ ನಿಜವಲ್ಲ. ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಕೂಡಿಸಿ, ರ್‍ಯಾಮ್ ಅನ್ನು ದ್ವಿಗುಣಗೊಳಿಸಿದರೆ ಆಗುವ ಲಾಭವನ್ನು ಯಾವ ವಿತರಣೆಯೂ ಬರಿಗೈಯಿಂದ ತಂದುಕೊಡದು. 32 ಬಿಟ್‌ನ ತೀರಾ ಹಳೆಯ ಯಂತ್ರಗಳಿಗಂತೂ ದಾರಿ ಕಿರಿದಾಗಿದೆ. ಉಬುಂಟು 2017ರಲ್ಲಿಯೇ ಅವುಗಳಿಗೆ ಡೆಸ್ಕ್‌ಟಾಪ್ ಆವೃತ್ತಿಯನ್ನು ಕೊಡುವುದನ್ನು ನಿಲ್ಲಿಸಿತು, ಡೆಬಿಯನ್ ಕೂಡ ತನ್ನ 13ನೆಯ ಆವೃತ್ತಿಯಿಂದ ಅವುಗಳ ಮೇಲಿನ ಹೊಸ ಸ್ಥಾಪನೆಯನ್ನು ಕೈಬಿಟ್ಟಿದೆ.

ಮೂರನೆಯದು, ಎಷ್ಟು ವರ್ಷ ಬಾಳಬೇಕು? ಶಾಲೆಯ ಮಟ್ಟಿಗೆ ಇದೇ ಮುಖ್ಯವಾದ ಪ್ರಶ್ನೆ. ಮೂವತ್ತು ಯಂತ್ರಗಳನ್ನು ಮತ್ತೆ ಮತ್ತೆ ಅಣಿಗೊಳಿಸುವ ಪುರುಸೊತ್ತು ಯಾವ ಅಧ್ಯಾಪಕರಿಗೂ ಇರುವುದಿಲ್ಲ. ಆಯುಸ್ಸಿನ ಜೊತೆಗೆ, ಆ ಮಾತನ್ನು ಕೊಟ್ಟವರು ಯಾರು ಎಂಬುದನ್ನೂ ನೋಡಬೇಕು. ಸೆಂಟ್ ಓಎಸ್ ಎಂಬ ವಿತರಣೆಯ ಕಥೆ ಇದಕ್ಕೆ ನಿದರ್ಶನ. ರೆಡ್ ಹ್ಯಾಟಿನ ವ್ಯವಸ್ಥೆಗೆ ಸಮಾನವಾದುದನ್ನು ಉಚಿತವಾಗಿ ಒದಗಿಸುತ್ತಿದ್ದ ಇದನ್ನು ಲೋಕದಾದ್ಯಂತ ವಿಶ್ವವಿದ್ಯಾಲಯಗಳೂ ಸಂಸ್ಥೆಗಳೂ ನಂಬಿದ್ದವು. ಅದರ 8ನೆಯ ಆವೃತ್ತಿಗೆ 2029ರವರೆಗೆ ಬೆಂಬಲವೆಂದು ತಿಳಿಸಲಾಗಿತ್ತು. ಆದರೆ 2020ರ ಡಿಸೆಂಬರಿನಲ್ಲಿ ಹೊರಬಿದ್ದ ಪ್ರಕಟಣೆಯು ಅದನ್ನು 2021ರ ಕೊನೆಗೇ ಮುಗಿಸಿಬಿಟ್ಟಿತು. ಆ ತೆರವನ್ನು ತುಂಬಲು ಆಲ್ಮಾ ಲಿನಕ್ಸ್ ಮತ್ತು ರಾಕಿ ಲಿನಕ್ಸ್ ಎಂಬ ಎರಡು ವಿತರಣೆಗಳು 2021ರಲ್ಲಿಯೇ ಹುಟ್ಟಿಕೊಂಡವು. ಮೂಲ ತಂತ್ರಾಂಶವು ಮುಕ್ತವಾಗಿದ್ದುದರಿಂದಲೇ ಇದು ಸಾಧ್ಯವಾಯಿತು. ಆದರೂ ನಂಬಿದವರಿಗೆ ಆದ ತೊಂದರೆ ತಪ್ಪಲಿಲ್ಲ. ಒಬ್ಬಿಬ್ಬರು ಉತ್ಸಾಹಿಗಳು ನಡೆಸುವ ಸಣ್ಣ ವಿತರಣೆಗಳ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು.

ನಾಲ್ಕನೆಯದು, ನೋಡಿಕೊಳ್ಳುವವರು ಯಾರು? ತಂತ್ರಾಂಶ ಉಚಿತವಾಗಿ ದೊರೆಯಬಹುದು. ಆದರೆ ಅದನ್ನು ಬಲ್ಲ ಮನುಷ್ಯ ಉಚಿತವಾಗಿ ಹುಟ್ಟುವುದಿಲ್ಲ, ಅವನನ್ನು ತಯಾರು ಮಾಡಬೇಕು. ನೆರೆಯ ಕೇರಳದ ಉದಾಹರಣೆ ಮನನೀಯವಾದುದು. ಅಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯು ಕ್ರಮೇಣ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ನೆಲೆಗೊಳಿಸಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಕಂಪನಿಯಾಗಿ ರೂಪುಗೊಂಡಿತು. ಉಬುಂಟುವಿನ ಆಧಾರದ ಮೇಲೆ ಮಲಯಾಳಮ್ಮಿನ ಸೌಲಭ್ಯವನ್ನೂ ಪಠ್ಯಕ್ಕೆ ಬೇಕಾದ ತಂತ್ರಾಂಶಗಳನ್ನೂ ಕೂಡಿಸಿದ ತನ್ನದೇ ವಿತರಣೆಯನ್ನು ಅದು ಶಾಲೆಗಳಿಗೆ ಕೊಡುತ್ತಿದೆ. ಅದರ ಯಶಸ್ಸಿನ ಗುಟ್ಟು ಎಲ್ಲ ಶಾಲೆಗಳಲ್ಲೂ ಒಂದೇ ವಿತರಣೆ ಇರುವುದರಲ್ಲಿ ಮತ್ತು ಅಧ್ಯಾಪಕರಿಗೆ ತರಬೇತಿ ಕೊಟ್ಟುದರಲ್ಲಿದೆ, ವಿತರಣೆಯ ಹೆಸರಿನಲ್ಲಲ್ಲ. ಇದಕ್ಕೆ ಪ್ರತಿಯಾಗಿ ಜರ್ಮನಿಯ ಮ್ಯೂನಿಕ್ ನಗರಾಡಳಿತವು ಲಿಮುಕ್ಸ್ ಎಂಬ ಯೋಜನೆಯಡಿ 14,000ಕ್ಕೂ ಹೆಚ್ಚು ಯಂತ್ರಗಳನ್ನು ಲಿನಕ್ಸಿಗೆ ಬದಲಿಸಿ 2013ರಲ್ಲಿ ಕಾರ್ಯ ಮುಗಿಯಿತೆಂದು ಸಾರಿತಾದರೂ, 2017ರಲ್ಲಿ ನಗರಸಭೆಯು ವಿಂಡೋಸಿಗೆ ಮರಳಲು ನಿರ್ಣಯಿಸಿತು. ತಂತ್ರಾಂಶವನ್ನು ಹಾಕಿದ ಮಾತ್ರಕ್ಕೆ ಅದು ನೆಲೆಯೂರುವುದಿಲ್ಲ. ಬಳಸುವವರ ಸಮ್ಮತಿಯೂ ಆಡಳಿತದ ದೃಢತೆಯೂ ಕೊನೆಯವರೆಗೆ ಬೇಕು.

ಕನ್ನಡದ ವಿಚಾರ

ಕನ್ನಡ ಶಾಲೆಗೆ ಇದು ಐದನೆಯ ಪ್ರಶ್ನೆಯೆನ್ನಬಹುದು. ಸಂತೋಷದ ಸಂಗತಿಯೆಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತವನ್ನು ನಿಗದಿಗೊಳಿಸುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಇದೆ. ಪ್ರಮುಖ ವಿತರಣೆಗಳೆಲ್ಲವೂ ಅದನ್ನು ಅನುಸರಿಸುತ್ತವೆ. ಲೋಹಿತ್, ನೋಟೋ, ಗುಬ್ಬಿ, ನವಿಲು ಮುಂತಾದ ಕನ್ನಡ ಅಕ್ಷರ ವಿನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ನಮ್ಮಲ್ಲಿ ರೂಢಿಗೆ ಬಂದಿರುವ ಕಗಪ ಕೀಲಿಮಣೆಯನ್ನೂ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನೂ ಅಳವಡಿಸಿಕೊಳ್ಳಬಹುದು. ಒಂದೇ ಹೆಸರಿನ ಕೀಲಿಮಣೆಯೂ ಬೇರೆ ಬೇರೆ ಏರ್ಪಾಡುಗಳಲ್ಲಿ ಸ್ವಲ್ಪ ಭಿನ್ನವಾಗಿ ವರ್ತಿಸುವುದುಂಟು. ಆದುದರಿಂದ ಕಛೇರಿಯ ಗುಮಾಸ್ತರಿಂದ ಒಂದು ಪುಟವನ್ನು ಟೈಪು ಮಾಡಿಸಿ ನೋಡಿದ ಮೇಲೆಯೇ ನಿರ್ಧರಿಸುವುದು ಲೇಸು.

ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಪದ್ಧತಿಯಲ್ಲಿ ಬೆರಳಚ್ಚಾದ ದಾಖಲೆಗಳು ಆಯಾ ಅಕ್ಷರ ವಿನ್ಯಾಸವಿಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಗೊಂದಲವಾಗಿ ಕಾಣುತ್ತವೆ. ವರ್ಗಾವಣೆ ಪತ್ರಗಳು, ಠರಾವುಗಳು, ವಾರ್ಷಿಕ ವರದಿಗಳು, ಹಿಂದಿನ ಸ್ಮರಣ ಸಂಚಿಕೆಗಳು, ಎಷ್ಟೋ ಸಂಸ್ಥೆಗಳ ಇತಿಹಾಸವೇ ಇಂತಹ ಕಡತಗಳಲ್ಲಿ ಅಡಗಿದೆ. ಇವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ವಿಂಡೋಸ್ ಯಂತ್ರವು ಇನ್ನೂ ನಡೆಯುತ್ತಿರುವಾಗಲೇ ಈ ಪರಿವರ್ತನೆಯನ್ನು ಮುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸರಿಯಾಗಿವೆಯೇ ಎಂದು ಕಣ್ಣಿಟ್ಟು ನೋಡಿ, ಎರಡು ಕಡೆ ಪ್ರತಿ ತೆಗೆದಿಡಬೇಕು. ವಿತರಣೆಯನ್ನು ನಾಳೆ ಬದಲಿಸಬಹುದು. ಕಳೆದ ಕಡತವನ್ನು ತರಲಾಗದು.

ಆಚರಣೆಗೆ ತರುವ ಕ್ರಮ

ಲಿನಕ್ಸಿನ ಒಂದು ದೊಡ್ಡ ಅನುಕೂಲವೆಂದರೆ ಅದನ್ನು ಹಾಕಿಕೊಳ್ಳುವ ಮೊದಲೇ ಪರೀಕ್ಷಿಸಬಹುದು. ಪ್ರಮುಖ ವಿತರಣೆಗಳನ್ನು 8 ಜಿ.ಬಿ.ಯ ಪೆನ್‌ಡ್ರೈವಿಗೆ ಬರೆದು, ಅಲ್ಲಿಂದಲೇ ಯಂತ್ರವನ್ನು ಎಬ್ಬಿಸಿ ನೋಡಬಹುದು. ಒಳಗಿನ ಡಿಸ್ಕಿಗೆ ನಾವಾಗಿ ಒಪ್ಪಿಗೆ ಕೊಡದ ಹೊರತು ಕೈ ಹಚ್ಚುವುದಿಲ್ಲ. ಹೀಗೆ ಎಬ್ಬಿಸಿದಾಗ ಅಂತರ್ಜಾಲ, ಧ್ವನಿ, ಪ್ರೊಜೆಕ್ಟರ್ ಮತ್ತು ಪ್ರಿಂಟರ್ ಈ ನಾಲ್ಕನ್ನೂ ತಪ್ಪದೆ ಪರೀಕ್ಷಿಸಬೇಕು. ಎಚ್.ಪಿ. ಕಂಪನಿಯ ಅನೇಕ ಪ್ರಿಂಟರುಗಳು ಸುಲಭವಾಗಿ ಹೊಂದಿಕೊಳ್ಳುತ್ತವೆ. ಬೇರೆ ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಹಟ ಹಿಡಿಯುವುದುಂಟು. ಅನಂತರ ಒಂದೇ ಯಂತ್ರದಲ್ಲಿ ಸ್ಥಾಪಿಸಿ ಒಂದು ತಿಂಗಳು ನಿತ್ಯದ ಕೆಲಸಕ್ಕೆ ಬಳಸಬೇಕು. ತೃಪ್ತಿಯಾದ ಮೇಲೆ ಪ್ರಯೋಗಶಾಲೆಯ ಎಲ್ಲ ಯಂತ್ರಗಳಿಗೂ ಅದೇ ವಿತರಣೆ, ಅದೇ ಆವೃತ್ತಿ, ಅದೇ ಮೇಲ್ಮೈಯನ್ನು ಹಾಕಬೇಕು. ಹತ್ತು ಯಂತ್ರಗಳಲ್ಲಿ ಹತ್ತು ಬಗೆ ಇದ್ದರೆ ಪಾಠ ಮಾಡುವ ಗುರುವಿಗೂ ಕಷ್ಟ, ಕಲಿಯುವ ಮಗುವಿಗೂ ಕಷ್ಟ.

ಈ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಶಾಲೆಯ ಪ್ರಯೋಗಶಾಲೆಗೂ, ವಿಂಡೋಸಿಗೆ ಒಗ್ಗಿದ ಅಧ್ಯಾಪಕರ ಮನೆಯ ಯಂತ್ರಕ್ಕೂ ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ ದೀರ್ಘಾವಧಿ ಆವೃತ್ತಿ ಸರಿ. ಯಂತ್ರ ಹಳೆಯದಾಗಿದ್ದು ನೋಡಿಕೊಳ್ಳಲು ಬಲ್ಲವರೊಬ್ಬರಿದ್ದರೆ ಡೆಬಿಯನ್ ಮತ್ತು ಎಕ್ಸ್‌ಎಫ್‌ಸಿಇ ಉತ್ತಮ. ಕಡತಗಳನ್ನು ಕಾಯುವ ಸರ್ವರಿಗೆ ಡೆಬಿಯನ್ ಅಥವಾ ಆಲ್ಮಾ ತಕ್ಕುದು. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯು ತನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಫೆಡೋರಾವನ್ನಾಗಲಿ ಆರ್ಚ್ ಅನ್ನಾಗಲಿ ಪ್ರಯೋಗಿಸಿ ನೋಡಲಿ. ಶಾಲೆಗೆ ಬಂದಾಗ ಮಾತ್ರ ತನಗೆ ಪ್ರಿಯವಾದುದನ್ನಲ್ಲ, ತಾನು ಹೋದ ಮೇಲೂ ನಡೆಯುವಂತಹುದನ್ನು ಹಾಕಿಕೊಡಲಿ.

ದಾನಿಗಳಲ್ಲಿಯೂ ಒಂದು ವಿನಂತಿಯಿದೆ. ಯಂತ್ರಗಳನ್ನು ಕೊಡುವಾಗ ಹತ್ತು ಬಗೆಯ ಹತ್ತರ ಬದಲು ಒಂದೇ ಬಗೆಯ ಐದನ್ನು ಕೊಟ್ಟರೆ ಶಾಲೆಗೆ ಹೆಚ್ಚು ಉಪಕಾರವಾಗುತ್ತದೆ. ಈಗಾಗಲೇ ಇರುವ ಯಂತ್ರಗಳಿಗೆ ಎಸ್.ಎಸ್.ಡಿ. ಮತ್ತು ರ್‍ಯಾಮ್ ಕೊಡಿಸುವುದು ಹೊಸ ಯಂತ್ರ ಕೊಡಿಸಿದಷ್ಟೇ ಸಾರ್ಥಕವಾದ ಕೊಡುಗೆ. ಎಲ್ಲಕ್ಕಿಂತ ಮಿಗಿಲಾದುದು, ಇಬ್ಬರು ಅಧ್ಯಾಪಕರಿಗೆ ಒಂದು ವಾರದ ತರಬೇತಿಯ ವೆಚ್ಚವನ್ನು ವಹಿಸಿಕೊಳ್ಳುವುದು. ಒಬ್ಬರು ಎನ್ನದೆ ಇಬ್ಬರು ಎಂದು ಹೇಳಲು ಕಾರಣವಿದೆ: ಒಬ್ಬರೇ ಬಲ್ಲವರಾದರೆ ಅವರ ವರ್ಗಾವಣೆಯಾದ ದಿನ ವಿದ್ಯೆಯೂ ಅವರೊಡನೆ ಊರು ಬಿಡುತ್ತದೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ ಹಿರಿಯರು. ವಿತರಣೆಯ ಆಯ್ಕೆಯು ಊಟಕ್ಕೆ ಸೇರಿದುದೇ ಹೊರತು ನೋಟಕ್ಕೆ ಸೇರಿದುದಲ್ಲ. ಪರರು ಮೆಚ್ಚಿದುದನ್ನಲ್ಲ, ನಮ್ಮ ಯಂತ್ರ ತಾಳಿಕೊಳ್ಳುವುದನ್ನು, ನಮ್ಮ ಭಾಷೆ ಉಳಿಯುವುದನ್ನು, ನಮ್ಮ ಅಧ್ಯಾಪಕರು ನಿಭಾಯಿಸಬಲ್ಲುದನ್ನು ಆರಿಸಿಕೊಂಡರೆ, ಮೂಲೆ ಸೇರಬೇಕಾಗಿದ್ದ ಯಂತ್ರಗಳ ಮುಂದೆ ಇನ್ನೂ ಐದು ವರ್ಷ ಮಕ್ಕಳು ಕುಳಿತು ಕಲಿಯಬಲ್ಲರು.